ಮ್ಯೂಟ್ ಮಾಡಿ ನೋಡಿದ ಫೈನಲ್

2022ರ ಡಿಸೆಂಬರ್ 18, ಭಾನುವಾರ. ಅರ್ಜೆಂಟೀನಾ–ಫ್ರಾನ್ಸ್ ವಿಶ್ವಕಪ್ ಫೈನಲ್. ನನ್ನ ಟೀಮಿನವರೆಲ್ಲ ಕೋರಮಂಗಲದ ಪಬ್ ಒಂದರಲ್ಲಿ ವಾರದ ಮುಂಚೆಯೇ ಟೇಬಲ್ ಹಿಡಿದಿದ್ರು. ನಾನು ಚನ್ನಪಟ್ಟಣದ ಪಕ್ಕದ ನಮ್ಮೂರಲ್ಲಿದ್ದೆ. ಹುಳ ಹಣ್ಣಾಗಿ ಚಂದ್ರಿಕೆಗೆ ಬಿಟ್ಟಾಗಿತ್ತು, ಕೆಲವು ದಿನದಲ್ಲಿ ಗೂಡು ಬಿಡಿಸಬೇಕಿತ್ತು, ಆಮೇಲೆ ರಾಮನಗರದ ಮಾರ್ಕೆಟ್ಟು. ಅಪ್ಪನಿಗೆ ಆಳು ಸಿಗದ ಕಾಲ ಇದು, ಸಾಫ್ಟ್‌ವೇರ್ ಎಂಜಿನಿಯರ್ ಮಗನೂ ಒಂದು ಆಳು.

ನನ್ನ ಫೋನಿನ ಜಿಯೋ ಸಿನಿಮಾವನ್ನು ಟೀವಿಗೆ ಹತ್ತಿಸಿ ಕೂತ್ವಿ. ಅಪ್ಪ, ನಾನು, ಅಕ್ಕನ ಮಗ. ಹುಡುಗ ಒಂಬತ್ತನೇ ಕ್ಲಾಸು, ಮೆಸ್ಸಿ ಅಭಿಮಾನಿ, ಬೆನ್ನಿನ ಮೇಲೆ 10 ಅಂತ ಬರೆದಿರೋ ನೀಲಿ-ಬಿಳಿ ಜೆರ್ಸಿಯನ್ನ ಚನ್ನಪಟ್ಟಣದ ಸಂತೆಯಲ್ಲಿ ಕೊಂಡಿದ್ದ. ಆಟ ಶುರುವಾಗಿ ಎರಡು ನಿಮಿಷಕ್ಕೆ ಅಪ್ಪ ಕೇಳಿದ್ರು:

"ಇದು ಕನ್ನಡ್ದಲ್ಲಿ ಬರಾಕಿಲ್ವಾ?"

ಹುಡುಗ ಭಾಷೆಯ ಪಟ್ಟಿ ತೆರೆದ. ಇಂಗ್ಲಿಷ್, ಹಿಂದಿ, ತಮಿಳು, ಮಲಯಾಳಂ, ಬೆಂಗಾಲಿ. ಅಷ್ಟೇ. "ಇಲ್ಲ ತಾತ. ತಮಿಳು ಹಾಕ್ಲಾ? ಅರ್ಧಂಬರ್ಧ ಅರ್ಥ ಆಯ್ತದೆ." ಐದು ನಿಮಿಷ ತಮಿಳು ಕೇಳಿದ್ವಿ. ಆಮೇಲೆ ಅಪ್ಪ, "ಸೌಂಡ್ ತೆಗ್ದುಬುಡ್ಲಾ, ಬರೀ ಆಟ ನೋಡಣ" ಅಂದ್ರು. ಜಗತ್ತಿನ ಅತಿ ಗದ್ದಲದ ಪಂದ್ಯವನ್ನ ನಮ್ಮ ಮನೆಯಲ್ಲಿ ಮೌನವಾಗಿ ನೋಡಿದ್ವಿ. ಪಕ್ಕದ ಕೋಣೆಯಿಂದ ಚಂದ್ರಿಕೆಯಲ್ಲಿ ಗೂಡು ಕಟ್ಟೋ ಹುಳಗಳ ಸಣ್ಣ ಸರಸರ ಸದ್ದು ಕೇಳಿಸ್ತಿತ್ತು, ಸುಳ್ಳಲ್ಲ.

ಆ ರಾತ್ರಿ ನನಗೆ ಸಿಟ್ಟು ಬಂದಿದ್ದು ನಿಜ. ಆದರೆ ಈ ಲೇಖನ 'ಕನ್ನಡಕ್ಕೆ ಅನ್ಯಾಯ' ಅನ್ನೋ ಥರದ್ದಲ್ಲ. ಅದನ್ನ ಬರೆಯೋಕೆ ಬೇರೆಯವರಿದ್ದಾರೆ, ಚೆನ್ನಾಗೇ ಬರೀತಾರೆ. ನನ್ನ ತಕರಾರು ಇನ್ನೊಂದು: ಅವತ್ತು ಆ ಪಟ್ಟಿಯಲ್ಲಿ ಕನ್ನಡ ಇದ್ದಿದ್ರೆ ಅಪ್ಪ ಸೌಂಡ್ ಇಟ್ಟುಕೊಂಡು ನೋಡ್ತಿದ್ರಾ? ಕನ್ನಡದಲ್ಲಿ ಬರುವ ಆಟಗಳ ಕಾಮೆಂಟರಿಯನ್ನ ನಾಲ್ಕೈದು ವರ್ಷದಿಂದ ಕೇಳಿಸಿಕೊಂಡು ಬಂದವನಾಗಿ ಹೇಳ್ತೀನಿ, ನನಗೆ ಅಷ್ಟು ಧೈರ್ಯ ಇಲ್ಲ.

ಮೊದಲು ಫೈನಲ್ಲಿನ ಕತೆ ಮುಗಿಸ್ತೀನಿ. ಸೌಂಡ್ ಇಲ್ಲದ್ದರಿಂದ ಕಾಮೆಂಟರಿ ನಾನೇ ಹೇಳಬೇಕಾಯ್ತು. ಮೊದಲ ಅರ್ಧದಲ್ಲಿ ಆಫ್‌ಸೈಡ್ ಅಂದ್ರೇನು ಅಂತ ಅಪ್ಪನಿಗೆ ವಿವರಿಸೋಕೆ ಹೋಗಿ, ಕೊನೆಯಿಂದ ಎರಡನೇ ಡಿಫೆಂಡರು, ಪಾಸ್ ಮಾಡಿದ ಕ್ಷಣ, ಅದು ಇದು ಅಂತ ಒದ್ದಾಡಿದೆ. ಅಪ್ಪ ಎಲ್ಲ ಕೇಳಿ, "ಅಂದ್ರೆ ಬಲೆ ತಾವ ಮೊದ್ಲೇ ಹೋಗಿ ಕಾಯ್ಕೊಂಡು ನಿಲ್ಲಂಗಿಲ್ಲ ಅಂತ ತಾನೆ?" ಅಂದ್ರು. ಅಷ್ಟೇ ಅಲ್ವಾ! ಪೂರ್ತಿ ಕಾನೂನು ಅಲ್ಲ, ಆದರೆ ಕಾನೂನು ಯಾಕಿದೆ ಅನ್ನೋದು ಅದರಲ್ಲಿದೆ. ಒಂದು ವರ್ಷ ಫುಟ್‌ಬಾಲ್ ನೋಡಿದವರಿಗೆ ಆಫ್‌ಸೈಡ್ ಅನ್ನೋ ಪದಕ್ಕೆ ಕನ್ನಡ ಪದ ಬೇಕಿಲ್ಲ. ಆ ಪದದ ಹಿಂದಿನ ಒಂದು ವಾಕ್ಯ ಬೇಕು.

64ನೇ ನಿಮಿಷದಲ್ಲಿ ಅರ್ಜೆಂಟೀನಾ ಡಿ ಮರಿಯಾನನ್ನ ವಾಪಸ್ ಕರ್ಕೊಂಡ್ರು. ಆಗ ಸ್ಕೋರು 2-0. ಅಪ್ಪ ತಕ್ಷಣ, "ಅಯ್ಯೋ, ಆ ಎಡಗಡೆ ಓಡ್ತಿದ್ದೋನ್ನ ಯಾಕ್ ಕರ್ಕಂಡ್ರು? ಅವ್ನೇ ಅಲ್ವಾ ಅವ್ರನ್ನ ಒದ್ದಾಡುಸ್ತಿದ್ದುದು?" ಅಂದ್ರು. ನಾನು 'ಸುಸ್ತಾಗಿರ್ಬೇಕು ಬಿಡಪ್ಪ' ಅಂದೆ. 80ನೇ ನಿಮಿಷಕ್ಕೆ ಎಂಬಾಪೆ ಪೆನಾಲ್ಟಿ, 81ಕ್ಕೆ ಇನ್ನೊಂದು. 2-2. ಅಪ್ಪ ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಅದು ಯಾವ ಪಂಡಿತರ ಕೈಲೂ ಆಗಲ್ಲ.

ಮಾರನೇ ದಿನ ನಾನು ಓದಿದ ಬರಹಗಳಲ್ಲೆಲ್ಲ ಇದೇ ಮಾತು. ಡಿ ಮರಿಯಾನನ್ನ ಸ್ಕಲೋನಿ ಎಡಗಡೆ ಆಡಿಸಿದ್ದು ಫ್ರಾನ್ಸ್ ನಿರೀಕ್ಷಿಸದ ನಡೆ, ಅವನು ಹೋದ ಮೇಲೆ ಆ ಕಡೆಯ ಒತ್ತಡ ಹೋಯ್ತು ಅಂತ. ಸೌಂಡ್ ಇಲ್ಲದೆ, ಆಟಗಾರರ ಹೆಸರೂ ಗೊತ್ತಿಲ್ಲದೆ, ರೇಷ್ಮೆ ಬೆಳೆಯೋ ಮನುಷ್ಯ ಒಬ್ಬರು ಕೇಳಬೇಕಾದ ಪ್ರಶ್ನೆಯನ್ನ ಕೇಳಬೇಕಾದ ನಿಮಿಷದಲ್ಲೇ ಕೇಳಿದ್ರು. ಪೆನಾಲ್ಟಿ ಶೂಟೌಟಿನಲ್ಲಿ ಗೋಲ್ ಕೀಪರ್ ಮಾರ್ಟಿನೆಜ್, ಫ್ರಾನ್ಸಿನ ಚುವಾಮೆನಿ ಕೈಗೆ ಕೊಡೋ ಬದಲು ಚೆಂಡನ್ನ ಪಕ್ಕಕ್ಕೆ ಎಸೆದದ್ದನ್ನೂ ಮೊದಲು ಕಂಡದ್ದು ಅಪ್ಪನೇ. "ನೋಡ್ಲಾ, ಬೇಕಂತಾನೇ ಎಸ್ದ. ಅಲ್ಲೀವರ್ಗೂ ಹೋಗ್ ಎತ್ಕಂಡ್ ಬರ್ಲಿ, ತಲೆ ಕೆಡ್ಲಿ ಅಂತ." ಚುವಾಮೆನಿ ಹೊರಗೆ ಹೊಡೆದ. ಹಳ್ಳಿ ಕಬಡ್ಡಿಯಲ್ಲಿ ಇಂಥ ಕಿತಾಪತಿಗಳನ್ನ ಅರವತ್ತು ವರ್ಷದಿಂದ ನೋಡಿರೋ ಕಣ್ಣು ಅದು.

ಇದನ್ನ ಯಾಕೆ ಹೇಳ್ದೆ ಅಂದ್ರೆ, ನಮ್ಮ ಚಾನೆಲ್ಲುಗಳ ಪ್ರಾದೇಶಿಕ ಕಾಮೆಂಟರಿಯ ತಳದಲ್ಲಿ ಒಂದು ನಂಬಿಕೆ ಇದೆ: ಇಂಗ್ಲಿಷ್ ಬಾರದವನಿಗೆ ಆಟವೂ ಬಾರದು. ಹಾಗಾಗಿ ಇಂಗ್ಲಿಷ್ ಫೀಡಿಗೆ ವಿಶ್ಲೇಷಣೆ, ಕನ್ನಡದ ಫೀಡಿಗೆ ಮನರಂಜನೆ. ಆ ವಿಶ್ವಕಪ್ಪಿಗೆ ಮುಂಬೈ ಸ್ಟುಡಿಯೋದಲ್ಲಿ ರೂನಿ, ಫಿಗೊ, ರಾಬರ್ಟ್ ಪೀರೆಸ್‌ರನ್ನೆಲ್ಲ ತಂದು ಕೂರಿಸಿದ್ರು. 2018ರಲ್ಲಿ ಐಪಿಎಲ್ ಕನ್ನಡದಲ್ಲಿ ಶುರುವಾದಾಗ ನಮಗೂ ವಿಜಯ್ ಭಾರದ್ವಾಜ್ ಥರದ ಆಡಿದವರು ಸಿಕ್ಕಿದ್ರು, ಅದು ದೊಡ್ಡ ಸಂತೋಷ. ಕ್ರಿಕೆಟ್ ಆಡಿದ ಕನ್ನಡಿಗ ಕನ್ನಡದಲ್ಲಿ ಕ್ರಿಕೆಟ್ ಮಾತಾಡಿದಾಗ ಭಾಷೆಗೆ ತಾನಾಗೇ ತೂಕ ಬರುತ್ತೆ. ಆದರೆ ಆಟ ಸ್ವಲ್ಪ ಸಪ್ಪೆಯಾದ ಕೂಡಲೇ ಬೂತಿನಲ್ಲಿ ಪ್ರಾಸ ಶುರು. ಸಿಕ್ಸರ್‌ಗೊಂದು ಪ್ರಾಸ, ವಿಕೆಟ್ಟಿಗೊಂದು ಸಿನಿಮಾ ಡೈಲಾಗ್, ಓವರ್ ಮುಗಿದ ಮೇಲೆ ಒಂದು ಗಾದೆ. ಮೊದಲ ವಾರ ನಗು ಬಂತು. ಮೂರನೇ ವಾರ ಅಮ್ಮ, "ಇವ್ರೇನು ಆಟ ಹೇಳ್ತಾರೋ ಹರಿಕತೆ ಮಾಡ್ತಾರೋ" ಅಂದಳು. ಹರಿಕತೆಯವರಿಗೆ ಅದು ಅವಮಾನ. ಅವರು ಉಪಕತೆಗೆ ಹೋದರೂ ಮೂಲಕತೆಗೆ ವಾಪಸ್ ಬರ್ತಾರೆ.

2023ರ ಐಪಿಎಲ್ ಜಿಯೋ ಸಿನಿಮಾದಲ್ಲಿ 12 ಭಾಷೆಯಲ್ಲಿ ಬಂತು. ನಮ್ಮ ಆಫೀಸಿನ ಗ್ರೂಪುಗಳಲ್ಲಿ ಭೋಜ್‌ಪುರಿ ಕಾಮೆಂಟರಿಯ ತುಣುಕುಗಳು ಹರಿದಾಡಿದ್ವು. ಎಲ್ಲರೂ ಹೊಟ್ಟೆ ಹುಣ್ಣಾಗೋಷ್ಟು ನಕ್ಕರು, ನಾನೂ ನಕ್ಕೆ. ಆಮೇಲೆ ನಮ್ಮ ಟೀಮಿನ ಬಿಹಾರದ ಹುಡುಗ ನಗದೆ ಕೂತಿದ್ದು ಕಂಡಿತು. ನಾವು ನಕ್ಕಿದ್ದು ಕಾಮೆಂಟೇಟರ್ ಹೇಳಿದ ಜೋಕಿಗೋ, ಅವನ ಮನೆ ಮಾತಿಗೋ? ಭಾಷೆಯೊಂದನ್ನ ಟೀವಿಗೆ ತಂದು ಕೋಡಂಗಿ ವೇಷ ಹಾಕಿಸೋದು, ಅದನ್ನ ತರದೇ ಇರೋದಕ್ಕಿಂತ ದೊಡ್ಡ ಉಪಕಾರ ಅಂತ ನನಗೆ ಅನ್ನಿಸಿಲ್ಲ.

ಇರಲಿ, ಫುಟ್‌ಬಾಲಿಗೆ ಬರೋಣ. ಐಎಸ್‌ಎಲ್‌ಗೆ ಬೆಂಗಳೂರು ಎಫ್‌ಸಿ ಸೇರಿದ ಮೇಲೆ ನಮಗೆ ಒಂದಷ್ಟು ಪಂದ್ಯಗಳು ಕನ್ನಡದಲ್ಲೂ ಕೇಳೋಕೆ ಸಿಕ್ಕವು. ಮಾಡಿದವರ ಉತ್ಸಾಹದಲ್ಲಿ ಕೊರತೆ ಇರಲಿಲ್ಲ. ತೊಂದರೆ ಇದ್ದದ್ದು ವಾಕ್ಯದಲ್ಲಿ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ತಾಳ್ಮೆ ಇರಲಿ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಪತ್ರಿಕೆಗೆ ಇದು ಚೆನ್ನ. ಫೈನಲ್ಲಿನ 36ನೇ ನಿಮಿಷದ ಆ ಗೋಲನ್ನ ಕ್ರೀಡಾಪುಟದ ಕನ್ನಡದಲ್ಲಿ ನೀವೂ ನಾನೂ ಕಣ್ಣು ಮುಚ್ಚಿಕೊಂಡು ಬರೀಬಹುದು: 'ಮ್ಯಾಕ್ ಅಲಿಸ್ಟರ್ ನೀಡಿದ ನಿಖರ ಪಾಸನ್ನು ಸಮರ್ಥವಾಗಿ ಬಳಸಿಕೊಂಡ ಡಿ ಮರಿಯಾ ಚೆಂಡನ್ನು ಗುರಿ ಸೇರಿಸಿ ತಂಡದ ಮುನ್ನಡೆಯನ್ನು ಹೆಚ್ಚಿಸಿದರು.' ಬೆಳಗಿನ ಕಾಫಿಗೆ ಹೇಳಿ ಮಾಡಿಸಿದ ವಾಕ್ಯ. 'ಕಾಲ್ಚಳಕ', 'ಗೋಲುಪೆಟ್ಟಿಗೆ', 'ಗುರಿ ಸೇರಿಸಿದರು', ಇವೆಲ್ಲ ನನಗಿಷ್ಟದ ಪದಗಳೇ, ಹಾಸ್ಟೆಲಿನಲ್ಲಿ ಪೇಪರಿನ ಕೊನೆ ಪುಟದಿಂದ ಓದೋಕೆ ಶುರು ಮಾಡ್ತಿದ್ದವನು ನಾನು. ಆದರೆ ಇದೇ ವಾಕ್ಯವನ್ನ ಲೈವ್‌ನಲ್ಲಿ ಹೇಳಿ ನೋಡಿ. 'ಬಳಸಿಕೊಂಡ' ಅನ್ನೋ ಹೊತ್ತಿಗೆ ಡಿ ಮರಿಯಾ ಗೋಲು ಹೊಡೆದು ಅಳ್ತಾ ಇರ್ತಾನೆ. ನಮ್ಮ ಫುಟ್‌ಬಾಲ್ ಕಾಮೆಂಟೇಟರುಗಳು ಪತ್ರಿಕೆಯ ವಾಕ್ಯವನ್ನ ಬಾಯಲ್ಲಿ ಹೇಳೋಕೆ ಹೋಗಿ ಪ್ರತಿ ಸಲ ಅರ್ಧ ಸೆಕೆಂಡು ಹಿಂದೆ ಬೀಳ್ತಾರೆ. ಹಿಂದೆ ಬಿದ್ದದ್ದು ಗೊತ್ತಾದ ಕೂಡಲೇ ಕಿರುಚ್ತಾರೆ. ಕಿರುಚಾಟ ಅವರ ಸ್ವಭಾವ ಅಲ್ಲ, ವ್ಯಾಕರಣದ ಸಮಸ್ಯೆ ಅಂತ ನನ್ನ ಅನುಮಾನ.

ಹಾಗಂತ ಕನ್ನಡ ನಿಧಾನದ ಭಾಷೆಯಾ? ಕನಕಪುರ ರಸ್ತೆಯ ಯಾವುದಾದ್ರೂ ಹಳ್ಳಿಯ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ'ಗೆ ಒಂದು ಸಲ ಹೋಗಿ ಬನ್ನಿ. ಮಾಗಡಿ ಕಡೆಯಾದರೂ ಸರಿ. ಮೈಕ್ ಹಿಡಿದು ಕೂತಿರೋನು ಸ್ಕೂಲ್ ಮೇಷ್ಟ್ರೋ, ಎಲ್‌ಐಸಿ ಏಜೆಂಟೋ, ಹಳೇ ಆಟಗಾರನೋ ಆಗಿರ್ತಾನೆ. ಅವನ ಮಾತು ಹೀಗಿರುತ್ತೆ: "ಬಂದ... ಬಂದ... ಎಡಗಡೆ ಹೋದ... ಮುಟ್ಟಿದ! ಹಿಡುದ್ರು... ಬುಟ್ಕಂಡ... ಬುಟ್ಕಂಡ... ಗೆರೆ... ಸಿಕ್ತು!" ಇಡೀ ರೈಡಿನಲ್ಲಿ ಒಂದೂ ಪೂರ್ತಿ ವಾಕ್ಯ ಇಲ್ಲ, ಆದರೂ ಬೇಲಿ ಆಚೆ ಬೆನ್ನು ತಿರುಗಿಸಿ ನಿಂತು ಬೋಂಡ ಕರೀತಿರೋ ಹೆಂಗಸಿಗೂ ಏನಾಯ್ತು ಅಂತ ಗೊತ್ತಾಗುತ್ತೆ. ಇಲ್ಲಿ ಕನ್ನಡದ ಒಂದು ಉಪಕಾರ ನೋಡಿ: 'ಮುಟ್ಟಿದ' ಅನ್ನೋದು ಒಂದೇ ಪದದ ಪೂರ್ಣ ವಾಕ್ಯ. ಯಾರು, ಎಷ್ಟು ಜನ, ಯಾವಾಗ, ಎಲ್ಲ ಅದರೊಳಗೇ ಇದೆ. 'ಹಿಡುದ್ರು' ಅಂದ ಕೂಡಲೇ ಒಬ್ಬನ ವಿರುದ್ಧ ಹಲವರು ಅಂತ ಕಿವಿಗೆ ಗೊತ್ತಾಗುತ್ತೆ. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಮೂರು ಪದ ಬೇಕು. ವೇಗದ ಆಟಕ್ಕೆ ಇಷ್ಟು ಹೇಳಿ ಮಾಡಿಸಿದ ಭಾಷೆ ಇಟ್ಕೊಂಡು ನಾವು ಪ್ರಾಸ ಹುಡುಕ್ತಾ ಕೂತಿದ್ದೀವಿ.

ಪ್ರೊ ಕಬಡ್ಡಿಯ ಕನ್ನಡ ಕಾಮೆಂಟರಿ ಉಳಿದವುಗಳಿಗಿಂತ ಕಿವಿಗೆ ಹಿತ ಅನ್ನಿಸೋದು ಇದಕ್ಕೇ. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಗುಜರಾತನ್ನ 38–33ರಲ್ಲಿ ಸೋಲಿಸಿ ಕಪ್ ಗೆದ್ದಾಗ, ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದಾಗ, ನಮ್ಮೂರ ಟೀ ಅಂಗಡಿ ಪೂರ್ತಿ ಕನ್ನಡದಲ್ಲೇ ನೋಡ್ತಿತ್ತು. ಯಾರೂ ಸೌಂಡ್ ತೆಗಿ ಅನ್ನಲಿಲ್ಲ. ಆ ಆಟದ ಮಾತು ಊರಿನ ಮೈಕಿನಿಂದ ಬಂದದ್ದು, ಮುಂಬೈಯಲ್ಲಿ ಹುಟ್ಟಿದ್ದಲ್ಲ.

ಇನ್ನೊಂದು ತೊಡಕಿದೆ, ಅದು ಮರ್ಯಾದೆಯದ್ದು. ಪತ್ರಿಕೆಯಲ್ಲಿ ಛೆಟ್ರಿ 'ಹೊಡೆದರು', ಊರಿನ ಮೈಕಿನಲ್ಲಿ 'ಹೊಡ್ದ'. ಟೀವಿಯಲ್ಲಿ ಯಾವುದು? ಹೊಡೆದರು ಅಂದ್ರೆ ಒಬ್ಬನೋ ಹನ್ನೊಂದು ಜನವೋ ಅನ್ನೋದು ಕಿವಿಗೆ ಸ್ಪಷ್ಟ ಆಗಲ್ಲ, ನಾನು ಹೊಗಳಿದ ಆ ಒಂದೇ ಪದದ ವಾಕ್ಯ ಅಲ್ಲೇ ಮುರಿದು ಬೀಳುತ್ತೆ. ಹೊಡೆದ ಅಂದ್ರೆ, 'ಅಷ್ಟು ದೊಡ್ಡ ಆಟಗಾರನಿಗೆ ಏಕವಚನವಾ' ಅಂತ ಬೈಗುಳ ಗ್ಯಾರಂಟಿ. ನನ್ನ ಮಟ್ಟಿಗೆ ಉತ್ತರ ಸರಳ. ಚೆಂಡು ಓಡ್ತಿರೋವಾಗ ಏಕವಚನ, ಚೆಂಡು ನಿಂತಾಗ ಬಹುವಚನ. ನಮ್ಮೂರ ಮೈಕಿನವನು ಮಾಡೋದೂ ಅದೇ. ರೈಡಿನಲ್ಲಿ 'ಹೋದ, ಬಂದ' ಅಂತ ಕೂಗಿದವನು, ಆಟ ಮುಗಿದ ಮೇಲೆ ಅದೇ ಹುಡುಗನನ್ನ 'ಉತ್ತಮ ದಾಳಿಗಾರ ಪ್ರಶಸ್ತಿ ಸ್ವೀಕರಿಸಲು ವೇದಿಕೆಗೆ ಆಗಮಿಸಬೇಕೆಂದು ಕೋರುತ್ತೇವೆ' ಅಂತಾನೆ. ಈ ಲೇಖನದಲ್ಲಿ ನಾನೂ ಅದನ್ನೇ ಮಾಡಿದ್ದೀನಿ, ಗಮನಿಸಿದ್ರೋ ಇಲ್ವೋ.

ಕಾಮೆಂಟರಿಗೆ ಕನ್ನಡದಲ್ಲಿ ಒಂದು ಹಳೇ ಪದ ಇದೆ, ವೀಕ್ಷಕ ವಿವರಣೆ. ದಸರಾ ಜಂಬೂಸವಾರಿಯ ದಿನ ಆಕಾಶವಾಣಿಯಲ್ಲಿ ಕೇಳಿ ಬೆಳೆದ ಪದ. ಅಲ್ಲಿ ವಿವರಣೆ ಬೇಕಿತ್ತು, ಕೇಳೋರಿಗೆ ಆನೆ ಕಾಣ್ತಿರಲಿಲ್ಲ. ಟೀವಿಯಲ್ಲಿ ಆನೆ ಕಾಣುತ್ತೆ. ಆನೆಯನ್ನ ಮತ್ತೆ ಬಣ್ಣಿಸೋದು ಬಿಟ್ಟು, ಕ್ಯಾಮೆರಾ ತೋರಿಸದ್ದನ್ನ ಹೇಳಬೇಕು: ಚೆಂಡಿಲ್ಲದ ಕಡೆ ಯಾರು ಓಡ್ತಿದ್ದಾನೆ, ಯಾರು ಜಾಗ ಬಿಟ್ಟುಕೊಟ್ಟ. ಇಲ್ಲಿ ಕಾಮೆಂಟೇಟರುಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಪ್ರಾದೇಶಿಕ ಭಾಷೆಯವರನ್ನ ಹೆಚ್ಚಾಗಿ ಮೈದಾನಕ್ಕೆ ಕಳಿಸಲ್ಲ, ಸ್ಟುಡಿಯೋದಲ್ಲಿ ಪರದೆ ಮುಂದೆ ಕೂರಿಸ್ತಾರೆ. ಅವರಿಗೆ ಕಾಣೋದೂ ನನಗೆ ಕಾಣೋ ಚಿತ್ರವೇ. ನನಗಿಂತ ಹೆಚ್ಚು ಕಾಣದವನು ಹೆಚ್ಚು ಏನು ಹೇಳ್ತಾನೆ? ಪ್ರಾಸ ಹೇಳ್ತಾನೆ. ನಮ್ಮ ಕೆಲಸದಲ್ಲಿ ಇದಕ್ಕೆ ಲೋಕಲೈಸೇಶನ್ ಅಂತೀವಿ. ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿ ಕಟ್ಟಿ ಮುಗಿಸಿ, ಕೊನೆಯ ವಾರ ಒಂದು ಫೈಲಿನಲ್ಲಿ ಪದಗಳನ್ನ ಕಳಿಸಿ 'ಕನ್ನಡ ಮಾಡಿಕೊಡಿ' ಅನ್ನೋದು. ಬಟನ್ ಒಳಗೆ ಪದ ಹಿಡಿಯಲ್ಲ, ಅರ್ಧ ಕತ್ತರಿಸಿಹೋಗುತ್ತೆ. ಬಳಸುವವರು ಒಂದು ದಿನ ನೋಡಿ ಇಂಗ್ಲಿಷಿಗೆ ವಾಪಸ್ ಹೋಗ್ತಾರೆ. ಆಮೇಲೆ ಮೀಟಿಂಗಿನಲ್ಲಿ, 'ನೋಡಿ, ಕನ್ನಡಕ್ಕೆ ಬೇಡಿಕೆ ಇಲ್ಲ' ಅನ್ನೋ ಗ್ರಾಫ್ ತೋರಿಸ್ತಾರೆ. ಆ ಗ್ರಾಫನ್ನ ನಾನೂ ಒಂದು ಸಲ ಮಾಡಿಕೊಟ್ಟಿದ್ದೀನಿ. ಆಗ ಬಾಯಿ ಬಿಡಲಿಲ್ಲ.

'ಕರ್ನಾಟಕದಲ್ಲಿ ಫುಟ್‌ಬಾಲ್ ಯಾರು ನೋಡ್ತಾರೆ' ಅನ್ನೋರಿಗೆ ಬೇಕಾದಷ್ಟು ಉತ್ತರ ಇದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಷ್ಟು ಹಿಂದೆ ಹೋಗೋದೂ ಬೇಡ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನ 3–2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಅನ್ನೋ ಹೆಸರಲ್ಲಿ 1968–69ರಲ್ಲಿ ಗೆದ್ದಿದ್ದು ಬಿಟ್ರೆ ಮತ್ತೆ ಇದೇ, 54 ವರ್ಷದ ಮೇಲೆ. ಫುಟ್‌ಬಾಲ್ ಹುಚ್ಚ ಅಂತ ಹೇಳಿಕೊಳ್ಳೋ ನನಗೆ ಅದು ಗೊತ್ತಾಗಿದ್ದು ಮಾರನೇ ದಿನ, ವಾಟ್ಸಾಪಿನಲ್ಲಿ, ಸಂಖ್ಯೆಗಳ ಒಂದು ಸಾಲಾಗಿ. ಪೀಟರ್ ಡ್ರೂರಿಯ ಸಾಲುಗಳನ್ನ ಬಾಯಿಪಾಠ ಹೇಳೋ ನನ್ನ ಗೆಳೆಯರಲ್ಲಿ ಒಬ್ಬನೂ ಆ ಪಂದ್ಯ ನೋಡಿರಲಿಲ್ಲ.

ಅದರ ಹಿಂದಿನ ರಾತ್ರಿ ಮಾತ್ರ ಎಲ್ಲರೂ ನೋಡಿದ್ರು. ಮಾರ್ಚ್ 3, ಕಂಠೀರವ, ಬೆಂಗಳೂರು–ಕೇರಳ ಬ್ಲಾಸ್ಟರ್ಸ್ ನಾಕೌಟ್. ಹೆಚ್ಚುವರಿ ಅವಧಿಯ 96ನೇ ನಿಮಿಷ. ಫ್ರೀ ಕಿಕ್. ಕೇರಳದವರು ಇನ್ನೂ ಗೋಡೆ ಕಟ್ತಾ ಇದ್ದಾರೆ, ಛೆಟ್ರಿ ಹೊಡ್ದ, ಚೆಂಡು ಬಲೆಯಲ್ಲಿ. ಕೇರಳದ ಕೋಚ್ ತನ್ನ ಆಟಗಾರರನ್ನ ಮೈದಾನದಿಂದಲೇ ಕರ್ಕೊಂಡು ಹೋದ್ರು. ಅವರು ವಾಪಸ್ ಬರಲೇ ಇಲ್ಲ, ಬೆಂಗಳೂರಿಗೆ ಗೆಲುವು.

ವಿಶ್ವಕಪ್ ಆದಮೇಲೆ ಅಪ್ಪ ಫುಟ್‌ಬಾಲ್ ನೋಡೋಕೆ ಶುರು ಮಾಡಿದ್ರು, ಹುಡುಗ ಹಾಕಿಕೊಟ್ರೆ. ಅವತ್ತು ರಾತ್ರಿ ಫೋನ್ ಬಂತು. "ಗೋಡೆ ಕಟ್ಟೋಕ್ ಮುಂಚೆ ಹೊಡ್ದುದ್ದು ಸರೀನಾ? ಮೋಸ ಅಲ್ವಾ?"

ನಾನು ಹೇಳಿದೆ: ಫ್ರೀ ಕಿಕ್ ಸಿಕ್ಕವನಿಗೆ ಬೇಗ ಹೊಡೆಯೋ ಹಕ್ಕಿದೆ. ಎದುರಾಳಿ ದೂರ ಸರಿಯಲಿ ಅಂತ ಅವನು ಕಾಯಬೇಕಾಗಿಲ್ಲ. ಆದರೆ ರೆಫ್ರಿ 'ನಾನು ಸೀಟಿ ಊದೋವರೆಗೂ ಇರು' ಅಂತ ಸನ್ನೆ ಮಾಡಿದ್ರೆ ಇರಲೇಬೇಕು. ಗಲಾಟೆ ಆಗಿರೋದು ಅದೊಂದರ ಮೇಲೇ, ಆ ಸನ್ನೆ ಮಾಡಿದ್ರಾ ಇಲ್ವಾ ಅಂತ.

"ಹಂಗಾ," ಅಂದ್ರು ಅಪ್ಪ. ಸ್ವಲ್ಪ ಹೊತ್ತು ಸುಮ್ಮನಿದ್ರು. "ಅಂಗಂದ್ರೆ ತಪ್ಪು ಛೆಟ್ರೀದಲ್ಲ. ಗೋಲು ಕಾಯೋನು ಚೆಂಡ್ ಬುಟ್ಟು ಬೇರೆ ಕಡೆ ನೋಡ್ಬಾರ್ದಾಗಿತ್ತು. ಅಲ್ಲಾ, ಇಷ್ಟೊತ್ತಿಂದ ಬಾಯ್ ಬಡ್ಕೊತಾವ್ರೆ, ಇದುನ್ನ ಒಬ್ರಾದ್ರೂ ಯೋಳ್ಬಾರ್ದಾ?"

ಹೇಳಿರಬಹುದು, ಅಪ್ಪನಿಗೆ ತಿಳಿಯದ ಭಾಷೆಯಲ್ಲಿ. ಅವರು ಇಂಗ್ಲಿಷಿನ ಫೀಡು ನೋಡ್ತಿದ್ರು.

ಮುಂದಿನ ವಿಶ್ವಕಪ್ 2026ಕ್ಕೆ, ಅಮೆರಿಕ, ಕೆನಡಾ, ಮೆಕ್ಸಿಕೋದಲ್ಲಿ. ನಮಗೆ ಬಹಳಷ್ಟು ಪಂದ್ಯಗಳು ಮಧ್ಯರಾತ್ರಿಗೋ ಬೆಳಗಿನ ಜಾವಕ್ಕೋ ಬೀಳ್ತವೆ. ಅಪ್ಪನಿಗೆ ಹೇಳಿದ್ರೆ, "ಹುಳಕ್ಕೆ ಸೊಪ್ಪು ಹಾಕಕ್ಕೆ ನಾಲ್ಕು ಗಂಟೆಗೆ ಎದ್ದೇ ಇರ್ತೀನಲ್ಲಾ" ಅಂದ್ರು. ಭಾಷೆಯ ಪಟ್ಟಿಯಲ್ಲಿ ಏನಿರುತ್ತೋ ನೋಡೋಣ. ಅಕ್ಕನ ಮಗ ಮಾತ್ರ ಈಗಲೇ ತಯಾರಿ ನಡೆಸಿದ್ದಾನೆ. ಹೋದ ತಿಂಗಳು ಊರಿನ ಕಬಡ್ಡಿಯಲ್ಲಿ ಮೇಷ್ಟ್ರು ಊಟಕ್ಕೆ ಎದ್ದಾಗ ಹತ್ತು ನಿಮಿಷ ಮೈಕ್ ಅವನ ಕೈಗೆ ಸಿಕ್ಕಿತ್ತಂತೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದ. ಗಂಟಲು ಒಡೆಯೋ ವಯಸ್ಸು, ಧ್ವನಿ ಎಲ್ಲೆಲ್ಲೋ ಹೋಗುತ್ತೆ. ಆದರೆ ಒಂದೇ ಒಂದು ಪ್ರಾಸ ಇರಲಿಲ್ಲ.